ಹಳದಿ ಗಾಳಿಪಟದ ವಿಮಾನ

ಆಟದ ವಿಮಾನದ ಬಾಲದ ಕೊನೆಯ ತುಂಡನ್ನು ಶ್ರೀಕಂಠಯ್ಯ ಹೆಬ್ಬೆರಳಿನಿಂದ ಒತ್ತುತ್ತಿದ್ದ ರೀತಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಟಕ್ಕೆಂದು ಕೂತ ಮೇಲೂ ಬೆರಳು ತೆಗೆಯುತ್ತಿರಲಿಲ್ಲ. ಮಗುವಿನ ಹಣೆಗೆ ಕುಂಕುಮ ಇಡುವವರ ಹಾಗೆ ಒಂದು ಗಳಿಗೆ ಹಾಗೇ ಹಿಡಿದಿರುತ್ತಿದ್ದರು.

ನಾವು ಐದು ಜನ ಇದ್ದೆವು, ತಲೆ ನರೆತ, ಸಂಸಾರವಂದಿಗರಾದ ಐದು ಜನ. ವಿಮಾನ ಕಂಪನಿಗಳು ತಮ್ಮ ಹೆಸರು, ಬಣ್ಣ ಹಾಕಿಸಿ ಹೊರತರುವ ಆಟದ ವಿಮಾನಗಳನ್ನು ಕೂಡಿಡುವುದು ನಮ್ಮ ಹುಚ್ಚು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟುವಂಥ ವಿಮಾನಗಳು. ಹೆಂಡಂದಿರು ನಗುತ್ತಿದ್ದರು, ನಗಲಿ. ನಮ್ಮಲ್ಲಿ ನಾಲ್ವರು ಡಬ್ಬಿಯ ಸೀಲು ಒಡೆಯುತ್ತಿರಲಿಲ್ಲ. ಒಡೆಯದ ಡಬ್ಬಿಗೇ ಮರ್ಯಾದೆ. ಶ್ರೀಕಂಠಯ್ಯ ಒಬ್ಬರೇ ತಂದ ದಿನವೇ ಒಡೆದು ಕಟ್ಟುತ್ತಿದ್ದರು. "ಹಾರದಿದ್ರೆ ಹೋಗ್ಲಿ, ನೋಡೋಕಾದ್ರೂ ವಿಮಾನದ ಥರ ಇರ್ಬೇಡ್ವೆ?" ಅನ್ನುತ್ತಿದ್ದರು.

ಅವರ ತಮ್ಮ ಪಶುಪತಿ ವಿಮಾನದಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸಾಕಿ ಓದಿಸಿದವರು ಈ ಅಣ್ಣನೇ. ಒಂದು ಸಲ ಅವನು ಬಾಲದ ಮೇಲೆ ಹಳದಿ ಗಾಳಿಪಟವಿದ್ದ ವಿಮಾನವೊಂದನ್ನು ಅಣ್ಣನಿಗೆ ತಂದುಕೊಟ್ಟ. ಕಂಪನಿ ಅದನ್ನು ಸಿಬ್ಬಂದಿಗಷ್ಟೇ ಹಂಚಿತ್ತು, ಅಂಗಡಿಗೆ ಬರಲೇ ಇಲ್ಲ. ನಾನು ಅದಕ್ಕಾಗಿ ಒಂಬತ್ತು ವರ್ಷ ಹುಡುಕಿದ್ದೆ. ಶ್ರೀಕಂಠಯ್ಯ ಅದನ್ನು ಅಂಗೈ ಮೇಲಿಟ್ಟುಕೊಂಡು ಎಲ್ಲರಿಗೂ ತೋರಿಸುವಾಗ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮುಚ್ಚಿಡುವುದೇನು, ಅಸೂಯೆ ಅಂದರೆ ಅಸೂಯೆ.

"ಗಾಳಿಪಟ ಅಚ್ಚು ಹಾಕಿದ್ದಲ್ಲ, ಅಂಟಿಸಿದ್ದು," ಅಂದೆ. "ಇದು ನಕಲಿ ಮಾಲು ಸ್ವಾಮಿ."

ಮೊದಲು ತಯಾರಾದವಕ್ಕೆಲ್ಲ ಅಂಟಿಸಿದ ಚಿತ್ರವೇ ಇತ್ತೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ. ಅಸಲಿ ನಕಲಿಯ ವಿಷಯದಲ್ಲಿ ನಮ್ಮೊಳಗೆ ನಾನು ಹೇಳಿದ್ದೇ ಕೊನೆಯ ಮಾತು.

ನಮ್ಮಲ್ಲೊಂದು ಕಟ್ಟಳೆಯಿತ್ತು. ನಕಲಿ ಎಂದು ತೀರ್ಮಾನವಾದದ್ದನ್ನು ಅದರ ಒಡೆಯನೇ ಎಲ್ಲರೆದುರು ಬಿಚ್ಚಿ ತಗಡಿನ ಡಬ್ಬಕ್ಕೆ ಸುರಿಯಬೇಕು. ಶ್ರೀಕಂಠಯ್ಯ ಬಾಲದಿಂದ ಶುರುಮಾಡಿದರು. ಅದೇ ಹೆಬ್ಬೆರಳು ಈಗ ಉಗುರು ಕೊಟ್ಟು ಒಂದೊಂದೇ ತುಂಡನ್ನು ಎಬ್ಬಿಸುತ್ತಿತ್ತು. "ಬೇರೆಯವರು ಮೋಸ ಮಾಡಿದ್ರೆ ತಡ್ಕೋಬಹುದಿತ್ತು," ಎಂದಷ್ಟೇ ಅವರು ಅಂದರು. ಆ ಡಬ್ಬ ಇರುತ್ತಿದ್ದುದು ನನ್ನ ಮನೆಯಲ್ಲಿ. ಅದೇ ವಾರ ನಾನು ಅಷ್ಟೂ ತುಂಡು ಆಯ್ದು, ಕಟ್ಟಿ, ಬೀರುವಿನೊಳಗಿಟ್ಟು ಬೀಗ ಹಾಕಿದೆ.

ಪಶುಪತಿ ನನ್ನ ಮನೆ ಹುಡುಕಿಕೊಂಡು ಬಂದ. "ಅಣ್ಣ ನನ್ನ ಹತ್ರ ಮಾತು ಬಿಟ್ಟಿದ್ದಾನೆ ಸಾರ್. ಅದು ಅಸಲಿ ಅಂತ ನಿಮಗೆ ಗೊತ್ತು. ಒಂದು ಮಾತು ಹೇಳಿಬಿಡಿ."

"ಕಂಡದ್ದನ್ನ ಹೇಳಿದ್ದೀನಪ್ಪ," ಅಂದೆ.

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೇಲೆ ವರ್ಷಕ್ಕೊಂದರಂತೆ ಮೂರು ಡಬ್ಬಿಗಳನ್ನು ಅಣ್ಣನಿಗೆ ಅಂಚೆಯಲ್ಲಿ ಕಳಿಸಿದ. ಶ್ರೀಕಂಠಯ್ಯ ಅವನ್ನು ಒಡೆಯದೆ ನೇರ ನನ್ನಲ್ಲಿಗೆ ತರುತ್ತಿದ್ದರು. "ನೋಡಿ ಹೇಳಿ. ನೀವು ಅಸಲಿ ಅಂದ್ರೆ ಇವತ್ತೇ ಅವನಿಗೆ ಕಾಗದ ಬರೀತೀನಿ." ಪ್ರತಿ ಸಲವೂ ಅವರ ಮುಖದಲ್ಲಿ ಆಸೆಯಿತ್ತು. ಪ್ರತಿ ಸಲವೂ ನಾನು ನಕಲಿ ಅಂದೆ. ಒಮ್ಮೆ ನಿಜ ಹೇಳಿದರೆ ಮೊದಲ ಸುಳ್ಳು ಬಯಲಿಗೆ ಬರುತ್ತಿತ್ತಲ್ಲ. "ಹಾಳಾಗ್ಲಿ, ನೀವೇ ಬಿಸಾಕಿ," ಎಂದು ಡಬ್ಬಿ ಬಿಟ್ಟು ಹೋಗುತ್ತಿದ್ದರು. ನಾನು ಬಿಸಾಕಲಿಲ್ಲ. ಸೀಲನ್ನೂ ಒಡೆಯಲಿಲ್ಲ.

ನಾಲ್ಕನೆಯ ವರ್ಷ ಡಬ್ಬಿಯ ಬದಲು ಪಶುಪತಿ ಸತ್ತ ಸುದ್ದಿ ಬಂತು. ಶ್ರೀಕಂಠಯ್ಯ ಹೋಗಲಿಲ್ಲ. "ಕಾಯಿಲೆ ಬಿದ್ದ ಮೇಲಾದ್ರೂ ಒಂದು ಚೀಟಿ ಬರೀಲಿಲ್ಲ ನನಗೆ," ಅನ್ನುವುದೇ ಅವರ ದಿನನಿತ್ಯದ ಮಾತಾಯಿತು.

ಇನ್ನೂ ಎಷ್ಟೋ ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ನಾನು ನನ್ನ ಡಬ್ಬಿಗಳನ್ನೆಲ್ಲ ತೂಗುತ್ತ ಕೂತಿದ್ದೆ. ಸೀಲು ಒಡೆಯದವರು ಒಳಗಿನ ತುಂಡುಗಳು ಪೂರ್ತಿ ಇವೆಯೇ ಎಂದು ತಿಳಿಯುವುದು ತೂಕದಿಂದಲೇ. ಪಶುಪತಿಯ ಕೊನೆಯ ಡಬ್ಬಿ ಇರಬೇಕಾದ್ದಕ್ಕಿಂತ ಐದು ಗ್ರಾಂ ಹೆಚ್ಚು ತೂಗಿತು. ತಿರುಗಿಸಿ ನೋಡಿದರೆ ತಳದ ಅಂಚನ್ನು ಯಾರೋ ಬಿಡಿಸಿ ನಾಜೂಕಾಗಿ ಮತ್ತೆ ಅಂಟಿಸಿದ್ದರು. ಒಡೆದೆ. ಒಳಗೊಂದು ಕಾಗದವಿತ್ತು.

'ಅಣ್ಣಾ, ನಾನು ಮೊದಲು ಬರೆದ ಕಾಗದಗಳನ್ನೆಲ್ಲ ನೀನು ಒಡೆಯದೆ ವಾಪಸು ಕಳಿಸಿದೆ. ವಿಮಾನದ ಡಬ್ಬಿಯನ್ನಂತೂ ಬಂದ ದಿನವೇ ಒಡೆಯುತ್ತೀಯಲ್ಲ, ಅದಕ್ಕೇ ಇದರೊಳಗೆ ಇಟ್ಟಿದ್ದೇನೆ. ಡಾಕ್ಟರು ಆರು ತಿಂಗಳು ಅಂದಿದ್ದಾರೆ. ಒಂದು ಸಲ ಬಾ. ಬೈಯುವುದಕ್ಕಾದರೂ ಬಾ.'

ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಎಲ್ಲವನ್ನೂ ಹೇಳಿಯೇಬಿಡುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಶ್ರೀಕಂಠಯ್ಯನವರ ಎರಡು ಕಣ್ಣಿಗೂ ಪೊರೆ ಬಲಿತು ಅಕ್ಷರ ಕಾಣುವುದು ನಿಂತುಹೋಗಿತ್ತು. ಧ್ವನಿಯಿಂದಲೇ ಗುರುತು ಹಿಡಿದು, ಕೂರಿಸಿ, ಗೋಡೆ ಸವರಿಕೊಂಡು ಹೋಗಿ ಕಾಫಿ ತಂದರು. ಮೇಜಿನ ಒಂದು ಕಾಲು ಗಿಡ್ಡ. ಲೋಟ ಇಟ್ಟೊಡನೆ ಕಾಫಿ ತುಳುಕಿತು. ನಾನು ಕಾಗದವನ್ನು ಅವರ ಕೈಗಿಟ್ಟೆ.

"ಏನಿದು?"

"ಡಬ್ಬಿಯೊಳಗಿತ್ತು," ಅಂದೆ. ಆಮೇಲೆ, ಥೂ ನನ್ನ ಜನ್ಮಕ್ಕೆ, "ಹೇಗೆ ಜೋಡಿಸ್ಬೇಕು ಅಂತ ಬರೆದಿರ್ತಾರಲ್ಲ, ಆ ಚೀಟಿ," ಅಂದೆ.

"ಅವನು ಕಳಿಸಿದ ನಕಲಿ ಮಾಲಿನದೇ?"

"ಹೌದು."

"ನೀವೊಬ್ಬರಾದ್ರೂ ನನಗೆ ನಿಜ ಹೇಳಿದ್ರಿ," ಅಂದರು. ಕಾಗದವನ್ನು ನಾಲ್ಕಾಗಿ ಮಡಿಸಿದರು, ಸಾಲದೆನಿಸಿ ಎಂಟಾಗಿ ಮಡಿಸಿದರು. ಬಗ್ಗಿ, ತಡಕಿ, ಮೇಜಿನ ಗಿಡ್ಡ ಕಾಲಿನ ಕೆಳಗೆ ಅದನ್ನು ಸಿಕ್ಕಿಸಿದರು. ಮೇಲೆ ಅಂಗೈಯಿಟ್ಟು ಒತ್ತಿ ನೋಡಿದರು. ಮೇಜು ಅಲುಗಲಿಲ್ಲ.

"ಈಗ ಕುಡೀರಿ, ಚೆಲ್ಲೋದಿಲ್ಲ," ಅಂದರು. ನಾನು ಕುಡಿದೆ.