ಸೋಂಪಿನ ಹೊಲದಲ್ಲಿ ಹಳದಿ ಶರಟು

ಗಂಡನ ಕಾಲು ಮುರಿದದ್ದರಿಂದ ಹೊಲ ಬದುಕಿತು ಅಂದರೆ ಜನ ಏನಂದುಕೊಳ್ಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಆದರೂ ಅಂದಳು, ಅದೂ ಗಂಡನ ಅಕ್ಕನ ಎದುರಿಗೇ.

ಗಂಡ ಹುಳ ಕಂಡರೆ ಔಷಧಿ ಹೊಡೆಯುವ ಆಸಾಮಿ. ಹುಳ ಕಾಣದಿದ್ದರೆ, ಮುಂದೆ ಬಾರದಿರಲಿ ಅಂತ ಹೊಡೆಯುತ್ತಿದ್ದ. ಊರವರು ಅವನಿಗೆ ಪಿಚಕಾರಿ ಅಂತಲೇ ಹೆಸರಿಟ್ಟಿದ್ದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಕಾಲುವೆ ಹಾರಲು ಹೋಗಿ ಬಿದ್ದ. ಕಾಲಿಗೆ ಪ್ಲಾಸ್ಟರ್ ಬಿತ್ತು, ಮಂಚ ಹೊಲ ಕಾಣುವ ಕಿಟಕಿಯ ಪಕ್ಕಕ್ಕೆ ಬಂತು, ಪಂಪು ಅಟ್ಟ ಸೇರಿತು.

ಸೋಂಪು ಹೂ ಬಿಡುವ ಹೊತ್ತಿಗೆ ಸಸ್ಯಹೇನು ಹತ್ತಿತು. ಹೂಗೊಂಚಲಿನ ಕಡ್ಡಿಕಡ್ಡಿಗೂ ಹಸಿರು ಹೇನಿನ ಸಂತೆ, ಎಲೆಯೆಲ್ಲ ಅಂಟಂಟು. ಅವಳು ಗಾಬರಿಯಾಗಲಿಲ್ಲ ಅಂದರೆ ಸುಳ್ಳು. ಅಟ್ಟದ ಏಣಿಗೆ ಕೈ ಹಾಕಿದವಳು ಮತ್ತೆ ತೆಗೆದಳು. ಹೂವಿನ ಮೇಲೆ ಜೇನು ಗುಂಯ್‌ಗುಡುತ್ತಿತ್ತು. ಅದನ್ನೂ ಕೊಂದರೆ ಕಾಳು ಕಟ್ಟುವುದು ಹೇಗೆ?

ಕೃಷಿ ತರಬೇತಿಯಲ್ಲಿ ಅರೆನಿದ್ದೆಯಲ್ಲಿ ಕೇಳಿದ್ದನ್ನು ನೆನಪಿಗೆ ತಂದುಕೊಂಡಳು. ತೀರಾ ಹತ್ತಿದ ಗೊಂಚಲುಗಳನ್ನು ಕತ್ತರಿಸಿ ಚೀಲಕ್ಕೆ ತುಂಬಿದಳು. ಉಳಿದವಕ್ಕೆ ಪೈಪಿನಿಂದ ರಭಸವಾಗಿ ನೀರು ಬಿಟ್ಟು ಹೇನು ಉದುರಿಸಿದಳು. ಯೂರಿಯಾ ನಿಲ್ಲಿಸಿದಳು, ಕೊಬ್ಬಿದ ಎಲೆ ಅಂದರೆ ಹೇನಿಗೆ ಪಂಚಪ್ರಾಣ. ಸಾಲಿನ ನಡುವೆ ಹಳದಿ ಅಂಟುಹಾಳೆ ನೆಟ್ಟಳು. ರೆಕ್ಕೆ ಬಂದ ಹೇನು ಹಳದಿ ಕಂಡರೆ, ಹೆಣ್ಣು ಕಂಡ ಹಳೇ ಬ್ರಹ್ಮಚಾರಿಯ ಹಾಗೆ, ಹಿಂದೆಮುಂದೆ ನೋಡದೆ ಬಂದು ಅಂಟಿಕೊಳ್ಳುತ್ತದೆ.

ಒಂದು ದಿನ ಗಂಡನಿಗೆ ತೋರಿಸಲು ಒಂದು ಗೊಂಚಲು ತಂದಳು. ಅದರ ಮೇಲೆ ಕಪ್ಪಗೆ, ಮುಳ್ಳುಮುಳ್ಳಾಗಿ ಏನೋ ಹರಿದಾಡಿತು.

"ಏ, ಹೇನು ಸಾಲದು ಅಂತ ಮೊಸಳೆ ಬೇರೆ ಸಾಕಿದ್ದೀಯಾ?"

"ಗುಲಗಂಜಿ ಹುಳದ ಮರಿ ಕಣ್ರೀ. ಹೇನು ತಿನ್ನುತ್ತೆ."

"ಯಾರು ಹೇಳಿದ್ರು? ಅದೇ ಹೇಳ್ತಾ?"

ಅವಳು ಹೊರಗೆ ಹೋದದ್ದೇ ತಡ, ಔಷಧಿ ಅಂಗಡಿಯ ಗೆಳೆಯನಿಗೆ ಫೋನು ಮಾಡಿದ. ಅವನು ಗಾಡಿ ಏರಿ ಬಂದೇಬಿಟ್ಟ. ಕಂಪನಿಯವರು ಕೊಟ್ಟ ನಿಂಬೆಹಳದಿ ಶರಟು, ಬೆನ್ನ ಮೇಲೆ 'ಕೀಟಕ್ಕೆ ಕೊನೆ' ಅಂತ ಅಚ್ಚು.

"ಒಂದೇ ಹೊಡೆತ ಅತ್ತಿಗೆ. ಹೇನು, ಅದರಪ್ಪ, ಅದರಜ್ಜ, ಎಲ್ಲಾ ಮಟಾಷ್."

"ಜೇನು?"

"ಜೇನಿಗೇನು, ಬೇರೆ ಊರಿಲ್ವಾ?"

ಹೀಗಂದು ಸೊಂಟದ ಮೇಲೆ ಕೈಯಿಟ್ಟು ಹೊಲದ ನಟ್ಟನಡುವೆ ಹೋಗಿ ನಿಂತ. ಗಾಳಿ ಬೀಸಿತು. ಹೇನು ಎದ್ದವು. ಮೊದಲು ತೋಳಿಗೆ, ಆಮೇಲೆ ಹೊಟ್ಟೆಗೆ, ಕಿವಿಗೆ, ಮೀಸೆಗೆ. ಬಾಯಿ ತೆರೆದು ಬೈಯಲು ಹೋದ, ಅಲ್ಲಿಗೂ ನುಗ್ಗಿದವು. ಥೂ ಥೂ ಅಂತ ಉಗಿಯುತ್ತಾ ಅವನು ಕುಣಿಯುವುದನ್ನು ಕಂಡು, ಗೆಳೆಯ ಅನ್ನುವುದನ್ನೂ ಮರೆತು, ಗಂಡ ಮಂಚ ಕಿರುಗುಟ್ಟುವ ಹಾಗೆ ನಕ್ಕ.

"ಅವನನ್ನೇ ನೆಟ್ಟುಬಿಡೇ! ಹಾಳೆ ಯಾಕೆ?"

"ಅಣ್ಣಾ, ಆ ಕಡೆಯ ಸಾಲಲ್ಲೂ ಒಂದು ಸುತ್ತು ಬಂದುಬಿಡಿ," ಅಂದಳು ಅವಳು.

ಅವನು ಶರಟು ಬಿಚ್ಚಿ ಬಿಸಾಕಿ ಬನಿಯನ್‌ನಲ್ಲೇ ಗಾಡಿ ಹತ್ತಿದ. ಅವಳು ಶರಟಿಗೆ ಎಣ್ಣೆ ಸವರಿ, ಗಳಕ್ಕೆ ತೊಡಿಸಿ, ಸಾಲಿನ ನಡುವೆ ನೆಟ್ಟಳು.

ಎಲ್ಲವೂ ಅವಳ ಲೆಕ್ಕದ ಹಾಗೆ ನಡೆಯಲಿಲ್ಲ. ಕೆಳಗಿನ ಬದುವಿನ ಸಾಲುಗಳಲ್ಲಿ ಮಾತ್ರ ಹೇನು ಜಗ್ಗಲಿಲ್ಲ. ಅವಳು ಹಣೆ ಹಣೆ ಚಚ್ಚಿಕೊಂಡಳು. ದಿನವಿಡೀ ಕಿಟಕಿಯಿಂದ ಹೊಲವನ್ನೇ ನೋಡುತ್ತಿದ್ದ ಗಂಡ ಮೆಲ್ಲಗೆ ಅಂದ: "ಆ ಕಡೆಯದೊಂದು ಗಿಡ ಕಿತ್ತುಕೊಂಡು ಬಾ."

ತಂದಳು. ತಿರುಗಿಸಿ ನೋಡಿದ. "ಇರುವೆ ನೋಡು. ಹೇನಿನ ಸಿಹಿ ನೆಕ್ಕೋಕೆ ಕಾವಲು ಕೂತಿವೆ. ಇವು ಇರೋವರೆಗೂ ನಿನ್ನ ಮೊಸಳೆ ಹತ್ತಿರ ಸುಳಿಯಲ್ಲ."

ಅವನು ಹೇಳಿದ್ದು ಸರಿಯಿತ್ತು. ಅವಳಿಗೆ ಸಂಕಟವಾಯಿತು, ಸ್ವಲ್ಪ ಖುಷಿಯೂ ಆಯಿತು. ಬದುವಿನ ಇರುವೆಗೂಡಿಗೆ ಕುದಿನೀರು ಸುರಿದಳು. ಸಂಜೆ ಜೇನೆಲ್ಲ ಗೂಡು ಸೇರಿದ ಮೇಲೆ ಪಂಪು ಇಳಿಸಿ, ಬೇವಿನೆಣ್ಣೆ ಬೆರೆಸಿದ ಸೋಪುನೀರನ್ನು ಆ ಸಾಲುಗಳಿಗಷ್ಟೇ ಹೊಡೆದಳು.

"ಅಡಿಯಿಂದ ಹೊಡಿ! ಮೇಲೆ ಹೊಡೆದರೆ ಹೇನಿಗೆ ಸ್ನಾನ ಮಾಡಿಸಿದ ಹಾಗೆ!" ಕಿಟಕಿ ಕೂಗುತ್ತಲೇ ಇತ್ತು.

ಬದುವಿನ ಸಾಲುಗಳ ಕಾಳು ಅರ್ಧಕ್ಕರ್ಧ ಜೊಳ್ಳಾಯಿತು. ಉಳಿದ ಹೊಲದಲ್ಲಿ ಕಾಳು ತುಂಬಿಕೊಂಡು, ಹೊಲದ ದಾರಿಯಲ್ಲಿ ಹೋಗುವವರು ಮೂಗರಳಿಸಿಕೊಂಡೇ ಹೋಗುವ ಹಾಗಾಯಿತು. ಕೊಯ್ಲಿನ ದಿನ ಗಂಡ ಊರುಗೋಲು ಹಿಡಿದು ಅಂಗಳಕ್ಕೆ ಬಂದ. ನೆರಳಲ್ಲಿ ಕೂತು ಗೊಂಚಲು ಉಜ್ಜುತ್ತಿದ್ದಾಗ ಒಂದು ಕೆಂಪು ಗುಲಗಂಜಿ ಹುಳ ಅವನ ಹೆಬ್ಬೆರಳು ಹತ್ತಿತು. ಒರೆಸಿ ಬಿಸಾಕುತ್ತಾನೆ ಅಂತ ಅವಳು ಕಾದಳು. ಅವನು ಬೆರಳನ್ನು ಮೆಲ್ಲಗೆ ಮೇಲೆತ್ತಿ ಹಿಡಿದ.

"ಹಾರು ಮಾರಾಯ. ನನ್ನ ಹತ್ತಿರ ತಿನ್ನೋಕೇನಿದೆ?"