ಹಗ್ಗದಾಚೆಯ ದಡ

"ಕಾಲಿಡ್ಲಾ, ದಮಯಂತಿಯಕ್ಕ?" ದೋಣಿಯ ಅಂಚು ಹಿಡಿದು ಗೆರ್ಟ್ರೂಡ್ ಕೇಳಿದಳು.

"ಇನ್ನು ಎಂತ ಕೇಳ್ಳಿಕ್ಕುಂಟು ಅಮ್ಮ? ಯುದ್ಧ ಮುಗಿಯಿತು, ಸರಕಾರದ ಕಟ್ಟೂ ಮುಗಿಯಿತು. ಬನ್ನಿ!" ದಮಯಂತಿ ಕೈ ನೀಡಿದಳು.

ಗೆರ್ಟ್ರೂಡ್ ನಾಳೆ ಮುಂಬಯಿಗೆ, ಅಲ್ಲಿಂದ ಹಡಗು ಹತ್ತಿ ತಂಗಿಯ ಬಳಿಗೆ ಹೊರಟವಳು. ಅದಕ್ಕೂ ಮೊದಲು ಒಮ್ಮೆ ಹೊಳೆಯಾಚೆ ದಮಯಂತಿಯ ಊರಾದ ತಣ್ಣೀರುಬಾವಿ ನೋಡಲೇಬೇಕೆಂದು ಹಟ ಹಿಡಿದಿದ್ದಳು. ದೋಣಿ ಕಡವಿನ ಕಲ್ಲುಕಂಬ ದಾಟುತ್ತಲೇ ದಮಯಂತಿಯ ಮನಸ್ಸು ಯುದ್ಧದ ಮೊದಲ ವರ್ಷಕ್ಕೆ ಓಡಿತು.

ವಿಯೆನ್ನಾದಿಂದ ಜೀವ ಉಳಿಸಿಕೊಂಡು ಬಂದ ಈ ಯಹೂದಿ ಸೂಲಗಿತ್ತಿಗೆ ಪೇಟೆಯ ಮಣ್ಣಗುಡ್ಡದಲ್ಲಿ ಒಂದು ಕೋಣೆ, ಆಗಾಗ ಹೊಸದಾಗಿಸಿಕೊಳ್ಳಬೇಕಾದ ವಾಸದ ಪರವಾನಗಿ. ತಾನು ಮಾರುವ ಬಂಗುಡೆ ಮೀನಿನ ಬುಟ್ಟಿಯೆದುರು ಚೌಕಾಶಿ ಮಾಡುತ್ತಲೇ ಆಕೆಗೆ ಮಾತು ಕಲಿಸಿದವಳು ದಮಯಂತಿ. ಯುದ್ಧ ಶುರುವಾದದ್ದೇ ತಡ, ಶತ್ರುಗಳಿಂದ ತಪ್ಪಿಸಿಕೊಂಡು ಓಡಿ ಬಂದವಳೇ ಸರಕಾರದ ಲೆಕ್ಕದಲ್ಲಿ ಶತ್ರುದೇಶದವಳೆನಿಸಿಕೊಂಡಳು. ಪೇಟೆಯ ಗಡಿ ದಾಟಿದರೆ ಪರವಾನಗಿ ರದ್ದು. ಮುಳ್ಳುತಂತಿಯ ಶಿಬಿರವೇ ಗತಿ. ಆ ಗಡಿ ಈ ದಡಕ್ಕೇ ಮುಗಿಯುತ್ತಿತ್ತು.

ಆ ವರ್ಷದ ಒಂದು ಬೆಳಿಗ್ಗೆ ದಮಯಂತಿಯ ಸೊಸೆ ಕುಮುದಿನಿಯ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಮಗ ತುಕ್ರ ಅವಳನ್ನು ದೋಣಿಯಲ್ಲಿ ಮಲಗಿಸಿ ತಂದ, ಜೊತೆಗೆ ದಮಯಂತಿಯೂ ಇದ್ದಳು. ಪೇಟೆಯ ದಡ ಮುಟ್ಟುವಷ್ಟರಲ್ಲಿ ಎತ್ತಿ ಇಳಿಸುವ ಸ್ಥಿತಿಯೂ ಉಳಿದಿರಲಿಲ್ಲ. ಸುದ್ದಿ ತಿಳಿದು ಓಡಿ ಬಂದ ಗೆರ್ಟ್ರೂಡ್ ಗೌನು ಎತ್ತಿ ಕಟ್ಟಿ ನೀರಿಗಿಳಿದಳು. ಕಾವಲಿನ ಪೊಲೀಸ್ ಲೀಲಾಧರ ಲಾಠಿ ಅಡ್ಡ ಹಿಡಿದ.

"ಹತ್ತಬೇಡಿ. ಇಳಿತದ ನೀರು. ದೋಣಿ ಆಚೆ ಹೋದ್ರೆ ನಾನು ರಿಪೋರ್ಟ್ ಕೊಡ್ಬೇಕಾಗ್ತದೆ."

"ಹೋಗದಿದ್ರೆ?" ದಮಯಂತಿ ದೋಣಿಯ ಹಗ್ಗದ ತುದಿಯನ್ನು ಅವನತ್ತ ಎಸೆದಳು. "ಹಿಡಿ ಮಾರಾಯ! ನಿನ್ನ ಗಡಿ ನೀನೇ ಕಾಯಿ."

ಲೀಲಾಧರ ಹಗ್ಗವನ್ನೊಮ್ಮೆ, ಗೆರ್ಟ್ರೂಡಳ ಮುಖವನ್ನೊಮ್ಮೆ ನೋಡಿದ. ಲಾಠಿ ಕೆಳಗಿಟ್ಟು, ಕಲ್ಲುಕಂಬಕ್ಕೆ ಹಗ್ಗ ಸುತ್ತಿ, ದೋಣಿಗೆ ಬೆನ್ನು ತಿರುಗಿಸಿ ಜಗ್ಗಿ ನಿಂತ. ಗೆರ್ಟ್ರೂಡ್ ದೋಣಿ ಹತ್ತಿದಳು. ನೀರು ದೋಣಿಯನ್ನು ಕಡಲು ಸೇರುವ ಅಳಿವೆಯತ್ತ ಸೆಳೆಯುತ್ತಿತ್ತು. ಅಡ್ಡ ಹಿಡಿದ ಚಾಪೆಯ ಮರೆಯಿಂದ ಗೆರ್ಟ್ರೂಡಳ ದನಿಯೊಂದೇ: "ಇನ್ನೊಂಚೂರು, ಕುಮುದಿನಿ." ಆಮೇಲೆ ಅದೂ ನಿಂತಿತು. ತುಕ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಎಳೆಯ ಅಳು ಕೇಳಿದಾಗ ಮೊದಲು ಕೂಗಿದವನು ಲೀಲಾಧರನೇ. "ಗಂಡೋ, ಹೆಣ್ಣೋ?"

"ಹೆಣ್ಣು! ಹಗ್ಗ ಬಿಡಬೇಡ, ಪುಣ್ಯಾತ್ಮ!" ದಮಯಂತಿ ಕೂಗಿದಳು.

ಇಂದು ಅದೇ ಹಗ್ಗ ಗೆರ್ಟ್ರೂಡಳ ಪಾದದ ಬಳಿ ಸುರುಳಿಯಾಗಿ ಬಿದ್ದಿತ್ತು. ಆಕೆ ಹಿಂದಿನ ದಡದತ್ತ ತಿರುಗಿ ನೋಡಲಿಲ್ಲ. ತಣ್ಣೀರುಬಾವಿಯ ಮರಳು ಹತ್ತಿರವಾಯಿತು. ಮೊಣಕಾಲುದ್ದದ ನೀರಿನಲ್ಲಿ, ಅಂದು ದೋಣಿಯಲ್ಲೇ ಹುಟ್ಟಿದ ದಮಯಂತಿಯ ಮೊಮ್ಮಗಳು ಸ್ವರ್ಣಲತಾ ಎರಡೂ ಕೈ ಚಾಚಿ ಕುಣಿಯುತ್ತಿದ್ದಳು.

"ಬಿಸಾಡಿ ಅಮ್ಮ, ನಾನು ಹಿಡಿತೇನೆ!"

ಗೆರ್ಟ್ರೂಡ್ ಚಪ್ಪಲಿ ಕಳಚಿಟ್ಟು ಎದ್ದು ನಿಂತು, ಹಗ್ಗವನ್ನು ಆ ಪುಟ್ಟ ಕೈಗಳತ್ತ ಎಸೆದಳು.