ತುಕ್ಕು ಹಿಡಿಯದ ಬಕಲ್

"ಇದು ನಿಜವಾಗ್ಲೂ ನೆಲದಲ್ಲಿ ಸಿಕ್ಕಿದ್ದಾ, ಮಿಸೆಸ್ ಗ್ಯಾರಡ್?"

ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ, ಮೇಜಿನ ಆಚೆ ಕೂತಿದ್ದ ಹುಡುಗಿ ಭೂತಗನ್ನಡಿ ಕೆಳಗಿಟ್ಟು ಹೀಗೆ ಕೇಳಿದಾಗ ಥೆಲ್ಮಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಹುಡುಗಿಯ ಹೆಸರು ಇಮೊಜೆನ್ ಪ್ರೈಕ್. ಇಂಗ್ಲೆಂಡಿನ ಸಫೋಕ್ ಸೀಮೆಯ ಹೊಲಗಳಲ್ಲಿ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಅಲೆಯುವವರೆಲ್ಲ ಸಿಕ್ಕಿದ್ದನ್ನು ತಂದು ಅವಳ ಮುಂದೆ ಸುರಿಯುತ್ತಾರೆ. ಅದು ಏನು, ಯಾವ ಕಾಲದ್ದು ಎಂದು ಹೇಳುವುದು ಅವಳ ಕೆಲಸ. ಸ್ವಲ್ಪ ಹೊತ್ತಿನ ಹಿಂದೆ ಇದೇ ಬಾಯಿ ಎಷ್ಟು ಚೆನ್ನಾಗಿ ಮಾತಾಡುತ್ತಿತ್ತು.

"ಗಂಡಸರ ಬೂಟಿನ ಬಕಲ್. ಅಪ್ಪಟ ಬೆಳ್ಳಿ. ಇಲ್ಲಿ ನೋಡಿ, ನಡೆಯೋ ಸಿಂಹದ ಮುದ್ರೆ. ಪಕ್ಕದಲ್ಲಿ ರಾಜನ ತಲೆ. ತೆರಿಗೆ ಕಟ್ಟಿದ ಗುರುತು ಅದು, 1784ರ ಕೊನೇಲಿ ಶುರುವಾಯ್ತು. ಆಮೇಲೆ ಹತ್ತು ವರ್ಷದಲ್ಲಿ ಜನ ಬೂಟಿಗೆ ದಾರ ಕಟ್ಟೋಕೆ ಹತ್ತಿದ್ರು, ಬಕಲ್ ಮೂಲೆ ಸೇರ್ತು. ಅಂದ್ರೆ ಇದು ಆ ಹತ್ತು ವರ್ಷದ ಒಳಗಿನದು."

ಥೆಲ್ಮಾಳಿಗೆ ಎದ್ದು ಕುಣಿಯಬೇಕೆನಿಸಿತ್ತು. ಇಷ್ಟು ವರ್ಷ ಹೊಲ ತಿರುಗಿ ಅವಳು ಅಗೆದು ತೆಗೆದಿದ್ದು ಬಿಯರ್ ಡಬ್ಬಿಯ ಉಂಗುರಗಳು, ಬಂದೂಕಿನ ತೋಟಾದ ತುಂಡುಗಳು, ಒಂದು ಟ್ರಾಕ್ಟರಿನ ಕೀಲಿಕೈ. ಡಿಟೆಕ್ಟರ್ ಸಂಘದವರು ಅವಳಿಗೆ ಡಬ್ಬಿ ರಾಣಿ ಎಂದು ಹೆಸರಿಟ್ಟಿದ್ದರು. ಬೆಳ್ಳಿ ಎಂಬುದು ಅವಳ ಯಂತ್ರದ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಈಗ ಇಮೊಜೆನ್ ಬಕಲನ್ನು ಬೋರಲು ಹಾಕಿದಳು. "ಚೌಕಟ್ಟು ಬೆಳ್ಳಿ, ಆದ್ರೆ ಹಿಂದಿನ ಕೊಂಡಿ ಉಕ್ಕು. ಇನ್ನೂರು ವರ್ಷ ಹೊಲದಲ್ಲಿ ಬಿದ್ದಿದ್ರೆ ಕೊಂಡಿ ತುಕ್ಕು ತಿಂದು ಮಾಯವಾಗಿರ್ತಿತ್ತು. ನನ್ನ ಮೇಜಿಗೆ ಬರೋವು ಬರೀ ಚೌಕಟ್ಟೇ. ಇದರ ಕೊಂಡಿ ಮಡಚುತ್ತೆ, ಬಿಚ್ಚುತ್ತೆ. ಯಾರೋ ಎಣ್ಣೆ ಹಾಕಿದಾರೆ." ಅವಳು ದನಿ ತಗ್ಗಿಸಿದಳು. "ಅಂಗಡೀಲಿ ಕೊಂಡಿದ್ರೆ ತಪ್ಪೇನಿಲ್ಲ ಮೇಡಂ. ಹಾಗಂತ ಹೇಳಿಬಿಡಿ, ಅಷ್ಟೆ. ಹೊಲದ ಹೆಸರಲ್ಲಿ ದಾಖಲೆ ಮಾಡೋಕಾಗಲ್ಲ."

ಅವಳ ಮಾತಿನಲ್ಲಿ ಒರಟುತನವಿರಲಿಲ್ಲ. ಅದೇ ಥೆಲ್ಮಾಳ ಮೈ ಉರಿಸಿತು. ಜೀವಮಾನವೆಲ್ಲ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದವಳು, ಒಂದು ಆಲೂಗಡ್ಡೆಯನ್ನೂ ಮನೆಗೆ ಒಯ್ದವಳಲ್ಲ. ಅಂಥವಳು ಈಗ ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಸುಳ್ಳಿಯಾಗಿ ಕೂತಿದ್ದಳು. ಬಕಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದಳು.

ಬಸ್ಸಿನಲ್ಲಿ ಕೂತು ಅದನ್ನು ಮೂಗಿಗೆ ಹಿಡಿದಳು. ಹೊಲಿಗೆ ಯಂತ್ರದ ಎಣ್ಣೆ. ಕತ್ತರಿಗೆ, ಬಾಗಿಲ ತಿರುಗಣಿಗೆ, ಕೊನೆಗೆ ಡಿಟೆಕ್ಟರಿನ ತಿರುಪಿಗೂ ಆ ಎಣ್ಣೆ ಬಿಡುವವನು ಊರಿಗೆ ಒಬ್ಬನೇ. ಪ್ರತಿ ಶನಿವಾರ ಅವಳ ಜೊತೆ ಹೊಲಕ್ಕೆ ಬರುವ ಲೆನ್ನಿ ಬಾರೆಟ್.

ಲೆನ್ನಿ ತನ್ನ ಶೆಡ್ಡಿನಲ್ಲಿ ಕೆಟಲ್ ಇಡುತ್ತಿದ್ದ.

"ಬಂದ್ಯಾ? ಏನಂದ್ಲು ಹುಡುಗಿ?"

"ಎಣ್ಣೆ ವಾಸನೆ ಬರ್ತಿದೆ ಅಂದ್ಲು."

ಲೆನ್ನಿ ಕೆಟಲಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದ. "ಟೀ ಕುಡೀತೀಯಾ?"

"ನಿನ್ನ ಟೀಗೆ ಬೆಂಕಿ ಬೀಳ! ಓಕ್ ಮರದ ಮೂಲೆ ನೋಡಿಲ್ಲ, ಅಲ್ಲಿ ಹೋಗು ಅಂದೆ ನೀನು. ನಾನು ಹೋದೆ. ಅಗೆದೆ. ಹುಚ್ಚಿ ಥರ ಕುಣಿದೆ. ನೀನು ನಿಂತ್ಕೊಂಡು ಫೋಟೋ ತೆಗೆದೆ! ಈಸ್ಟರ್ ಹಬ್ಬದಲ್ಲಿ ಮಕ್ಕಳಿಗೆ ಪೊದೆ ಹಿಂದೆ ಚಾಕೊಲೇಟ್ ಮೊಟ್ಟೆ ಬಚ್ಚಿಡ್ತಾರಲ್ಲ, ಹಾಗೆ. ನಾನೇನು ಮಗುನೇನೋ?"

"ಸುಗ್ಗಿ ಮುಗಿದ ಮೇಲೆ ಡಿಟೆಕ್ಟರ್ ಮಷಿನ್ ಮಾರಿಬಿಡ್ತೀನಿ ಅಂದ್ಯಲ್ಲ ಕಣೆ."

"ನನ್ನ ಮಷಿನ್, ನಾನು ಮಾರ್ತೀನಿ. ನಿನಗೇನು ಕಷ್ಟ?"

ಲೆನ್ನಿ ತನ್ನ ಬೂಟು ನೋಡಿಕೊಂಡ. "ಶನಿವಾರ ನಾನೊಬ್ನೇ ಹೋಗ್ಬೇಕಾಗುತ್ತೆ."

ಇದನ್ನು ಕೇಳಿ ಥೆಲ್ಮಾ ಕರಗಿದಳು ಎಂದುಕೊಳ್ಳಬೇಡಿ. ಅವಳ ಸಿಟ್ಟು ಇಮ್ಮಡಿಯಾಯಿತು. ಈ ನಾಲ್ಕು ಮಾತನ್ನು ಬಾಯಲ್ಲಿ ಆಡುವುದು ಬಿಟ್ಟು, ಒಬ್ಬ ಹೆಂಗಸಿನ ಮೊದಲ ಬೆಳ್ಳಿಯನ್ನೇ ನಾಟಕ ಮಾಡಿಬಿಟ್ಟಿದ್ದ. ಇನ್ನು ಮುಂದೆ ನಿಜವಾದದ್ದು ಸಿಕ್ಕರೂ ಅವಳು ನಂಬುವುದು ಹೇಗೆ?

"ಹೇಳೋಕೆ ಏನಾಗಿತ್ತೋ ನಿನಗೆ? ಎಲ್ಲದಕ್ಕೂ ಎಣ್ಣೆ ಬಿಡ್ತೀಯ, ನಾಲಿಗೆಗೂ ಎರಡು ಹನಿ ಬಿಟ್ಕೋಬೇಕಿತ್ತು." ಬಕಲನ್ನು ಬೆಂಚಿನ ಮೇಲೆ ಕುಕ್ಕಿದಳು. "ಯಾರದಿದು?"

"ನಮ್ಮಜ್ಜನ ಹತ್ರ ಇತ್ತು. ಅವನಿಗೆ ಅವರಜ್ಜ ಕೊಟ್ಟಿದ್ದಂತೆ."

"ಬೂಟಿರೋದು ಎರಡು. ಇದರ ಜೋಡಿ ಎಲ್ಲಿ?"

ಲೆನ್ನಿ ತಲೆ ಎತ್ತಲಿಲ್ಲ. "ಹೊಲದ ಗೇಟಿನ ಆ ಕಡೆ ಹೂತಿದೀನಿ. ಮುಂದಿನ ವರ್ಷಕ್ಕಿರ್ಲಿ ಅಂತ."

"ಹೊಲದ ಯಜಮಾನ ಆಲ್ಸ್ಟನ್ ಅದನ್ನ ನಿನ್ನೆ ಉತ್ತಾಯ್ತಲ್ಲೋ!"

"ಗೊತ್ತು. ಬೆಳಿಗ್ಗೆ ಹೋಗಿದ್ದೆ. ಗುರುತಿಗಿಟ್ಟ ಕಲ್ಲೂ ಕಾಣಲಿಲ್ಲ."

ಥೆಲ್ಮಾ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದಳು.

ಶನಿವಾರ ಲೆನ್ನಿ ಹೊಲಕ್ಕೆ ಬರುವಷ್ಟರಲ್ಲಿ ಅವಳು ಗೇಟಿನ ಆಚೆ ಡಿಟೆಕ್ಟರ್ ಆಡಿಸುತ್ತಿದ್ದಳು. ಅವನು ಕೈ ಎತ್ತಿದ. ಅವಳು ನೋಡಲಿಲ್ಲ. ಒಬ್ಬರು ಆ ತುದಿಯಿಂದ, ಒಬ್ಬರು ಈ ತುದಿಯಿಂದ ಹೆಂಟೆಗಳ ಮೇಲೆ ಎಡವುತ್ತ ನಡೆದರು. ಕರಿಮಣ್ಣು ಬೂಟಿಗೆ ಮೆತ್ತಿ ಕಾಲು ಭಾರವಾಗುತ್ತಿತ್ತು. ಎಂಥ ದಡ್ಡ ಮನುಷ್ಯ, ಎಂದು ಸಾಲುಸಾಲಿಗೂ ಬೈದುಕೊಂಡಳು. ವಂಶದ ಬೆಳ್ಳಿಯನ್ನು ನೇಗಿಲ ಬಾಯಿಗೆ ಇಟ್ಟವನು!

ಮಧ್ಯಾಹ್ನದ ಹೊತ್ತಿಗೆ ಅವಳ ಕಿವಿಯಲ್ಲಿ ಯಂತ್ರ ತೆಳ್ಳಗೆ, ಸ್ಪಷ್ಟವಾಗಿ ಕೂಗಿತು. ಮಂಡಿಯೂರಿ ಹೆಂಟೆ ಒಡೆದಳು. ಬಕಲ್ ಇತ್ತು. ಒಂದು ಮೂಲೆ ಸ್ವಲ್ಪ ಬಾಗಿತ್ತು. ಉಕ್ಕಿನ ಕೊಂಡಿಯ ಮೇಲೆ ಕಂದು ಬಣ್ಣದ ಸಣ್ಣ ತುಕ್ಕು ಆಗಲೇ ಹುಟ್ಟಿತ್ತು. ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

ದೂರದಲ್ಲಿ ಲೆನ್ನಿ ಬಗ್ಗಿ ಏನನ್ನೋ ಕಿತ್ತು ನೋಡಿ, ಬಿಸಾಡಿ, ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದ.

ಥೆಲ್ಮಾ ಬಕಲನ್ನು ಗುಂಡಿಯಲ್ಲೇ ಇಟ್ಟಳು. ಮೇಲೆ ಮಣ್ಣೆಳೆದು ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿದಳು, ಮತ್ತೊಮ್ಮೆ ತುಳಿದಳು. ಅವನೂ ಅಗೆಯಲಿ. ಬೆವರು ಸುರಿಸಲಿ.

"ಏಯ್!" ಆ ದಿನ ಅವಳು ಆಡಿದ ಮೊದಲ ಮಾತು ಅದು. "ಈ ಸಾಲು ನಾನು ನೋಡಿಲ್ಲ. ನೀನೇ ನೋಡು."

ಗೇಟಿನ ಹತ್ತಿರ ಹೋಗಿ ಕೂತು ಫ್ಲಾಸ್ಕ್ ಬಿಚ್ಚಿದಳು. ಒಂದು ಲೋಟಕ್ಕೆ ಟೀ ಬಗ್ಗಿಸಿಕೊಂಡಳು. ಇನ್ನೊಂದನ್ನು ಖಾಲಿಯಾಗಿಯೇ ಪಕ್ಕದಲ್ಲಿಟ್ಟು, ಲೆನ್ನಿ ಆ ಸಾಲು ಹಿಡಿದು ಬರುವುದನ್ನು ನೋಡುತ್ತ ಕೂತಳು.